ಐಸಿಲ್ಲದೆ ಬಂದ ಲಸಿಕೆ

ಲಿಂಗಮ್ಮನ ತಿಥಿ ಮುಗಿದ ಮಾರನೆಯ ಬೆಳಿಗ್ಗೆ, ಎಂಟು ಗಂಟೆಯಾದರೂ ಕೋಳಿಗೂಡಿನ ಬಾಗಿಲು ತೆಗೆದಿರಲಿಲ್ಲ.

ಹನ್ನೊಂದು ದಿನ ಮನೆ ತುಂಬ ಜನರಿದ್ದರು. ಯಾರೋ ಗೂಡು ತೆಗೆಯುತ್ತಿದ್ದರು, ಯಾರೋ ಮುಚ್ಚುತ್ತಿದ್ದರು. ಭಾನುವಾರ ಸಂಜೆ ಶಾಮಿಯಾನದವರು ಕುರ್ಚಿಗಳನ್ನು ಎತ್ತಿಕೊಂಡು ಹೋದರು. ಕೊನೆಯ ನೆಂಟರೂ ರೈಲು ಹಿಡಿದರು. ಸೋಮವಾರದ ಹೊತ್ತಿಗೆ ಭದ್ರಾವತಿಯ ಆ ಮನೆಯಲ್ಲಿ ಉಳಿದವರು ಇಬ್ಬರೇ: ಲಿಂಗಮ್ಮನ ಮಗ ಪರಶುರಾಮ, ಸೊಸೆ ಸುಪ್ರಿಯಾ. ಪರಶುರಾಮ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸದವನು. ಸುಪ್ರಿಯಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಈಗ ಐದು ತಿಂಗಳ ಬಸುರಿ.

ಗೂಡು ತೆಗೆಯುವುದು ಅತ್ತೆಯ ಕೆಲಸವಾಗಿತ್ತು. ಅದೀಗ ತನ್ನದೆಂದು ಸುಪ್ರಿಯಾಳಿಗೆ ಹೊಳೆಯುವಷ್ಟರಲ್ಲಿ ಕೋಳಿಗಳು ಒಳಗಿನಿಂದ ಬೀದಿಗೆಲ್ಲ ಕೇಳುವಂತೆ ಗಲಾಟೆ ಎಬ್ಬಿಸಿದ್ದವು.

“ಹೋಗಿ ಬಿಡೇ ಮಾರಾಯ್ತಿ. ಕಿವಿ ತೂತಾಗ್ತಿದೆ,” ಎಂದ ಪರಶುರಾಮ, ಬೂಟಿಗೆ ಕಾಲು ತೂರಿಸುತ್ತ.

ಸುಪ್ರಿಯಾ ಹಲಗೆ ಸರಿಸಿದಳು. ಮೊದಲು ಹುಂಜ, ಹಿಂದೆ ಒಂಬತ್ತು ಹೇಂಟೆಗಳು. ಎಲ್ಲದರ ಕಾಲಿಗೂ ಕೆಂಪು ದಾರ. ಕೋಳಿಗಳು ಬೀದಿಯಲ್ಲಿ ಬೆರೆತುಹೋಗದಿರಲೆಂದು ಅಲ್ಲಿ ಒಂದೊಂದು ಮನೆಗೆ ಒಂದೊಂದು ಬಣ್ಣ. ಕೆಂಪು ಲಿಂಗಮ್ಮನ ಮನೆಯದು.

“ಭಾನುವಾರ ಚಿಕನ್ ಅಂಗಡಿಯವನು ಬರ್ತಾನೆ. ಎಲ್ಲ ತಗೊಂಡು ಹೋಗು ಅಂದಿದ್ದೀನಿ,” ಎಂದ ಪರಶುರಾಮ ಬಾಗಿಲಲ್ಲಿ ನಿಂತು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ.”

“ನಾನು ನೋಡ್ಕೋತೀನಿ ಕಣ್ರೀ. ನಿಮಗೇನು ತೊಂದರೆ?”

“ತೊಂದರೆ ನಾನು ನೋಡಿಯಾಗಿದೆ. ಮೂರು ವರ್ಷದ ಹಿಂದೆ, ನೀನಿನ್ನೂ ಈ ಮನೆಗೆ ಬಂದಿರ್ಲಿಲ್ಲ. ಹತ್ತೊಂಬತ್ತು ಕೋಳಿ. ಲಸಿಕೆ ಹಾಕಿಸಿದ ಕೋಳಿ, ಗೊತ್ತಾ? ನಾಲ್ಕೇ ದಿನದಲ್ಲಿ ಕತ್ತು ತಿರುಚ್ಕೊಂಡು ಹೋದ್ವು. ಬೆಳಿಗ್ಗೆ ಒಂದು ಗುಂಡಿ, ಸಂಜೆ ಒಂದು ಗುಂಡಿ ತೋಡಿದ್ದು ನಾನು.” ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಸರಿಮಾಡಿಕೊಂಡ. “ಈಗ ತಾನೇ ಅಮ್ಮನ್ನ ಮಣ್ಣು ಮಾಡಿ ಬಂದಿದ್ದೀನಿ. ಇನ್ನು ನಾನು ಗುಂಡಿ ತೋಡಲ್ಲ ಸುಪ್ರಿಯಾ. ಕೋಳಿಗೂ ತೋಡಲ್ಲ.”

ಬೈಕು ಹೋಯಿತು. ಸುಪ್ರಿಯಾ ಅಂಗಳ ಗುಡಿಸಿದಳು.

ಅತ್ತೆ ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆಯನ್ನು ಅವಳ ತಟ್ಟೆಗೆ ಇಡುತ್ತಿದ್ದರು. ಬಸುರಿಗೆ ಮೊಟ್ಟೆ ಒಳ್ಳೆಯದೆಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಹೆಚ್ಚಾದ ಮೊಟ್ಟೆಗಳು ಪಕ್ಕದ ಬೀದಿಗೆ ಹೋಗುತ್ತಿದ್ದವು. ಯಾರನ್ನೂ ಕೇಳದೆ, ಯಾರಿಗೂ ಹೇಳದೆ ನಡೆಯುತ್ತಿದ್ದ ಸಂಗತಿ ಅದು. ಅದು ಭಾನುವಾರಕ್ಕೆ ಮುಗಿಯುತ್ತದೆ ಎಂದಾಗ ಸುಪ್ರಿಯಾಳಿಗೆ ಅಳು ಬರಲಿಲ್ಲ. ಹನ್ನೊಂದು ದಿನದಿಂದ ಯಾವುದಕ್ಕೂ ಬಂದಿರಲಿಲ್ಲ. ಆದರೆ ಬೇಡ ಎನಿಸಿತು. ಇದೊಂದು ಮುಗಿಯುವುದು ಬೇಡ.

ಬೂದಿ ತರಲು ಅವಳು ಸೌದೆಮನೆಗೆ ಹೋದಳು. ಕತ್ತಲ ಮೂಲೆಯಲ್ಲಿ ಏನೋ ಗುರ್ ಎಂದಿತು. ಹೊಟ್ಟು ತುಂಬಿದ ಬುಟ್ಟಿಯಲ್ಲಿ ಒಂದು ಕೋಳಿ ಮೈಯೆಲ್ಲ ಉಬ್ಬಿಸಿಕೊಂಡು ಕಾವಿಗೆ ಕೂತಿತ್ತು. ಮುಂದೆ ತೆಂಗಿನ ಚಿಪ್ಪಿನಲ್ಲಿ ನೀರು. ನೀರು ಹಳೆಯದಲ್ಲ, ತಿಳಿಯಾಗಿತ್ತು. ಸುಪ್ರಿಯಾ ಹುಷಾರಾಗಿ ಕೋಳಿಯನ್ನು ಪಕ್ಕಕ್ಕೆ ಸರಿಸಿ ನೋಡಿದಳು. ಹನ್ನೊಂದು ಮೊಟ್ಟೆಗಳು, ನಡುವೆ ಒಂದು ಕಬ್ಬಿಣದ ತುಂಡು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಅತ್ತೆ ಇಡುತ್ತಿದ್ದದ್ದು. ಕೋಳಿಯ ಕಾಲಿಗೆ ಕಟ್ಟಿದ್ದು ಮಾತ್ರ ನೀಲಿ ದಾರ.

ನೀಲಿ ಪಕ್ಕದ ಮನೆಯ ಕುಲ್ಸುಂ ಅವರದು. ಸುಪ್ರಿಯಾ ಗೋಡೆಯ ಹತ್ತಿರ ಹೋಗಿ ಕರೆದಳು.

“ಹೂಂ ಬೇಟಿ, ನಂದೇ ಕೋಳಿ,” ಎಂದರು ಕುಲ್ಸುಂ, ಕೈ ಒರೆಸಿಕೊಳ್ಳುತ್ತ ಬಂದು. “ನಿಮ್ಮ ಮನೇದು ಒಂದೂ ಕಾವಿಗೆ ಬಂದಿರ್ಲಿಲ್ಲ. ನಂದು ಕೂತಿತ್ತು. ನಿಮ್ಮತ್ತೆ ಕೇಳಿದ್ರು, ಕೊಟ್ಟೆ. ಅವರು ಹೋಗೋದಕ್ಕೆ ಆರು ದಿನ ಮೊದಲು ಇಟ್ಟಿದ್ದು. ಬರೋ ಜುಮ್ಮಾಕ್ಕೆ ಇಪ್ಪತ್ತೊಂದು ದಿನ ಆಗುತ್ತೆ.”

“ಇಷ್ಟು ದಿನ ಒಂದು ಮಾತೂ ಹೇಳ್ಲಿಲ್ವಲ್ಲ ಆಂಟಿ!”

“ಅರೆ, ಸಾವಿನ ಮನೇಲಿ ನಿಂತು ನನ್ನ ಕೋಳಿ ಎಲ್ಲಿ ಅಂತ ಕೇಳೋದಾ? ತೋಬಾ ತೋಬಾ. ಹಿಂದಿನ ಬಾಗಿಲಿಂದ ಬಂದು ನೀರು, ಕಾಳು ಇಟ್ಟು ಹೋಗ್ತಿದ್ದೆ. ನೀನು ಎದುರಿಗೇ ಕೂತಿದ್ದೆ. ನನ್ನನ್ನ ನೋಡಿದ್ದೆ ಕೂಡ. ನಿನಗೆ ಗೊತ್ತಾಗ್ಲಿಲ್ಲ.”

ಆ ಬೀದಿಯಲ್ಲಿ ಕಾವುಕೋಳಿಯನ್ನು ಕೊಟ್ಟು ತರುವುದು ರೂಢಿ. ಮೊಟ್ಟೆ ಒಬ್ಬರದು, ಕೋಳಿ ಇನ್ನೊಬ್ಬರದು. ಮರಿಗಳು ತಾಯಿಯನ್ನು ಬಿಡುವಷ್ಟು ದೊಡ್ಡವಾದ ಮೇಲೆ ಕೋಳಿಯನ್ನೂ ಅರ್ಧ ಮರಿಗಳನ್ನೂ ಹಿಂದಕ್ಕೆ ಕೊಡಬೇಕು.

ಸಂಜೆ ಇದನ್ನು ಹೇಳಿದಾಗ ಪರಶುರಾಮ, “ಮರಿ ಸಮೇತ ಅವರಿಗೇ ಕೊಟ್ಟುಬಿಡು. ಪಾಲೂ ಬೇಡ ಏನೂ ಬೇಡ,” ಎಂದ.

“ಅತ್ತೆ ಪಾಲಿಗೆ ತಗೊಂಡಿದ್ದು. ಸಾಕಿಯೇ ಕೊಡ್ತೀನಿ.”

“ಮೊಟ್ಟೆ ತಾನೇ ನಿನಗೆ ಬೇಕಾಗಿರೋದು? ಅಂಗಡೀಲಿ ಸಿಗುತ್ತೆ. ದಿನಾ ನಾನೇ ತಂದು ಹಾಕ್ತೀನಿ.”

“ಮರೀತೀರಿ.”

“ಮರೆಯಲ್ಲ ಅಂದ್ರೆ ಮರೆಯಲ್ಲ.”

ಮಂಗಳವಾರ ಮರೆತ. ಬುಧವಾರ ಆರು ಮೊಟ್ಟೆಗಳನ್ನು ಬೈಕಿನ ಬಾಕ್ಸಿನಲ್ಲಿಟ್ಟು ತಂದ. ಸುಪ್ರಿಯಾ ಮುಚ್ಚಳ ತೆಗೆದಾಗ ನಾಲ್ಕು ಒಡೆದಿದ್ದವು. ಇಡೀ ದಿನ ಬಿಸಿಲಲ್ಲಿ ನಿಂತಿದ್ದ ಬಾಕ್ಸಿನ ತಗಡು ಕೈಸುಡುವಷ್ಟು ಕಾದಿತ್ತು. ಅವಳು ಸೆರಗು ಸುತ್ತಿಕೊಂಡು ಅದನ್ನು ತೊಳೆದಳು.

ಶುಕ್ರವಾರ ಮಧ್ಯಾಹ್ನದೊಳಗೆ ಒಂಬತ್ತು ಮರಿಗಳಾದವು. ಎರಡು ಮೊಟ್ಟೆ ಒಡೆಯಲಿಲ್ಲ.

ಶನಿವಾರ ಸಂಜೆ ಸುಪ್ರಿಯಾ ಶೀಲಾಳನ್ನು ಮನೆಗೆ ಕರೆದಳು. ಶೀಲಾ ಆ ವಾರ್ಡಿನ ಮಹಿಳಾ ಸಂಘದ ಪಶುಸಖಿ. ಕೋಳಿ, ಕುರಿ, ದನಗಳ ಆರೈಕೆಯಲ್ಲಿ ತರಬೇತಿ ಪಡೆದು ಮನೆಮನೆಗೆ ಹೋಗಿ ಹೇಳಿಕೊಡುವವಳು. ಹೆಗಲಿಗೆ ಯಾವಾಗಲೂ ಒಂದು ಚೀಲ, ಚೀಲದೊಳಗೆ ಐಸ್ ತುಂಬಿದ ಫ್ಲಾಸ್ಕ್.

“ಏನು ಪರಶಣ್ಣ, ನಾಳೆ ಕೋಳಿ ಎಲ್ಲ ಮಾರ್ತೀರಂತೆ! ನನ್ನ ಕೆಲಸಕ್ಕೇ ಕಲ್ಲು ಹಾಕ್ತೀರಲ್ಲ ಮಾರಾಯ್ರೆ.”

“ಲಸಿಕೆ ಹಾಕಿಸಿಯೇ ನಮ್ಮ ಹತ್ತೊಂಬತ್ತು ಕೋಳಿ ಹೋಗಿದ್ದು. ಮೊದಲು ಅದಕ್ಕೆ ಉತ್ತರ ಹೇಳು, ಆಮೇಲೆ ಮಿಕ್ಕಿದ್ದು.”

ಶೀಲಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. “ಹೇಳ್ತೀನಿ. ಹೇಗೆ ಸತ್ತವು?”

“ರೆಕ್ಕೆ ಜೋತುಬಿತ್ತು. ಬಾಯಿ ತೆಗೆದು ಉಸಿರಾಡ್ತಿದ್ವು. ಹಸಿರು ಹಿಕ್ಕೆ. ಆಮೇಲೆ ಕತ್ತು ತಿರುಚ್ಕೊಂಡು.”

“ಕೊಕ್ಕರೆ ರೋಗ. ಲಸಿಕೆ ಇರೋದೇ ಅದಕ್ಕೆ. ತಂದಿದ್ದು ಯಾರು?”

“ನಾನೇ. ಶಿವಮೊಗ್ಗದಿಂದ.”

“ಐಸ್ ಡಬ್ಬಿ ತಗೊಂಡು ಹೋಗಿದ್ರಾ?”

“ಅಂಗಡಿಯವರೂ ಅದನ್ನೇ ಕೇಳಿದ್ರು. ಇಲ್ಲ ಅಂದೆ. ಕವರಿಗೆ ನಾಲ್ಕು ತುಂಡು ಐಸ್ ಹಾಕಿ, ಎಲ್ಲೂ ನಿಲ್ಲಬೇಡಿ, ಸೀದಾ ಮನೆಗೆ ಹೋಗಿ ಅಂದ್ರು.”

“ಸೀದಾ ಬಂದ್ರಾ?”

ಪರಶುರಾಮ ತಲೆ ಕೆರೆದುಕೊಂಡ. “ಗಾಂಧಿ ಬಜಾರಲ್ಲಿ ಮದುವೆಗೆ ಬಟ್ಟೆ ತಗೊಳ್ಳೋದಿತ್ತು. ಅದೊಂದು ಎರಡು ಗಂಟೆ. ಆಮೇಲೆ ಮಾಚೇನಹಳ್ಳೀಲಿ ಫ್ರೆಂಡ್ ಸಿಕ್ಕಿದ, ಟೀ ಕುಡಿದ್ವಿ.”

“ಅಷ್ಟು ಹೊತ್ತು ಔಷಧಿ ಎಲ್ಲಿತ್ತು?”

“ಬೈಕ್ ಬಾಕ್ಸಲ್ಲಿ. ನೆರಳಲ್ಲೇ ಇತ್ತಲ್ಲ, ಒಳಗೆ.”

“ಅದೇ ಬಾಕ್ಸಾ?” ಸುಪ್ರಿಯಾ ಕೇಳಿದಳು. “ಬುಧವಾರ ಕೈಯಿಟ್ಟರೆ ಸುಡ್ತಿತ್ತು ಅದು.”

“ಅದು ಸುಡೋದಾ? ಫರ್ನೇಸ್ ಮುಂದೆ ನಿಲ್ಲೋನಿಗೆ ಅದು ತಣ್ಣಗಿರೋ ಜಾಗ ಕಣೇ.”

ಯಾರೂ ನಗಲಿಲ್ಲ. ಶೀಲಾ ಫ್ಲಾಸ್ಕ್ ತೆರೆದು ಬೆರಳುದ್ದದ ಒಂದು ಬಾಟಲಿ ತೋರಿಸಿದಳು.

“ಇದು ಜೀವ ಇರೋ ಲಸಿಕೆ ಪರಶಣ್ಣ. ನಿಮಗೆ ತಣ್ಣಗನ್ನಿಸೋ ಜಾಗದಲ್ಲೂ ಇದು ಸಾಯುತ್ತೆ. ಸತ್ತರೂ ನೋಡೋಕೆ ಹೀಗೇ ಇರುತ್ತೆ. ಆಮೇಲೆ ಐಸಲ್ಲಿಟ್ರೂ ಬದುಕಲ್ಲ. ಸರಿ, ಕಲಸಿ ಎಷ್ಟು ಹೊತ್ತಲ್ಲಿ ಹಾಕಿದ್ರಿ?”

“ಅಮ್ಮ ಹಾಕಿದ್ದು. ಸಂಜೆ ಅರ್ಧ ಕೋಳಿಗೆ ಹಾಕಿದ್ಳು. ಕತ್ತಲಾಯ್ತು. ಮಿಕ್ಕಿದ್ದನ್ನ ಬೆಳಿಗ್ಗೆ ಉಳಿದವಕ್ಕೆ.”

“ಕಲಸಿದ ಮೇಲೆ ಎರಡು ಗಂಟೆ. ಅದೂ ಐಸ್ ಮೇಲೆ ಇಟ್ಕೊಂಡು. ಆಮೇಲೆ ಅದು ಬರೀ ನೀರು.”

ಪರಶುರಾಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ.

“ನಮ್ಮಲ್ಲೂ ಹಾಗೇನೇ,” ಎಂದ. “ಕಬ್ಬಿಣ ಫರ್ನೇಸಿಂದ ಸೌಟಿಗೆ ಬಂತು ಅಂದ್ರೆ ನಿಲ್ಲೋ ಹಾಗಿಲ್ಲ. ಫೋನ್ ಬಂದ್ರೂ ನಿಲ್ಲಲ್ಲ. ತಡ ಮಾಡಿದ್ರೆ ಅಚ್ಚು ಪೂರ್ತಿ ತುಂಬಲ್ಲ, ಸ್ಕ್ರ್ಯಾಪ್. ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ ಆ ಕೆಲಸ.”

“ಆಯ್ತಲ್ಲ, ಇದೂ ಅದೇ.”

“ಅಮ್ಮಂಗೆ ಬೈದಿದ್ದೆ,” ಎಂದ ಪರಶುರಾಮ. “ನಿನಗೆ ಹಾಕೋಕೆ ಬರಲ್ಲ, ನೀನೇ ಕೋಳಿ ಕೊಂದೆ ಅಂತ. ಅವಳೂ ಹೌದೇನೋ ಅಂದ್ಕೊಂಡ್ಳು.”

ಶೀಲಾ ಬಾಟಲಿಯನ್ನು ಒಳಗಿಟ್ಟು ಫ್ಲಾಸ್ಕಿನ ಮುಚ್ಚಳವನ್ನು ಬಿಗಿ ಮಾಡಿದಳು. ಸುಪ್ರಿಯಾ ಗಂಡನಿಗೆ ಒಂದು ಲೋಟ ನೀರು ತಂದುಕೊಟ್ಟಳು.

ನೀರು ಕುಡಿದು ಅವನು ಚಿಕನ್ ಅಂಗಡಿಗೆ ಫೋನ್ ಮಾಡಿದ. “ನಾಳೆ ಬರಬೇಡಿ. ಇಲ್ಲ, ರೇಟಿನ ಮಾತಲ್ಲ. ಬೇಡ ಅಷ್ಟೇ.” ಫೋನಿಟ್ಟವನು ಹೆಂಡತಿಯ ಕಡೆ ತಿರುಗಿದ. “ಒಂದು ಸಲ ನೋಡ್ತೀನಿ. ಒಂದೇ ಸಲ. ಮಗು ಬರೋ ಮನೆ ಇದು. ವಾಸನೆ, ಹಿಕ್ಕೆ, ಹಾವು, ಅದೆಲ್ಲ ಯಾರು ನೋಡ್ತಾರೆ?”

“ಅದಕ್ಕೂ ದಾರಿ ಇದೆ,” ಎಂದಳು ಶೀಲಾ. “ಗೂಡು ನೆಲಕ್ಕೆ ಅಂಟಿಕೊಂಡಿದೆ ನೋಡಿ. ಗಾಳಿ ಇಲ್ಲ, ಬೆಳಕಿಲ್ಲ. ಮಲಗೋ ಕೋಣೆ ಗೋಡೆಗೇ ತಾಗಿದೆ. ವಾಸನೆ ಬರದೆ ಏನಾಗುತ್ತೆ? ಎರಡಡಿ ಎತ್ತರಕ್ಕೆ ಕಾಲು ಕೊಟ್ಟು, ಜಾಲರಿ ತಳ ಹಾಕಿ, ಆ ನುಗ್ಗೆ ಮರದ ಕೆಳಗೆ ಇಡಿ. ಹಿಕ್ಕೆ ಕೆಳಗೆ ಬೀಳುತ್ತೆ. ದಿನಾ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ, ನೆಲಕ್ಕೆ ಸುಣ್ಣ ಎರಚಿ. ಕೋಳಿಗೆ ಎರಡು ಹೊತ್ತು ಶುದ್ಧ ನೀರು. ಅಡುಗೆಮನೆ ಒಳಗೆ ಮಾತ್ರ ಬಿಡಬೇಡಿ. ಕೋಳಿ ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀಬೇಕು. ಗೂಡಿನ ಹತ್ರ ಹೋಗೋಕೆ ಬೇರೆ ಚಪ್ಪಲಿ. ಗೂಡು ಗುಡಿಸೋ ಕೆಲಸ ಹೆರಿಗೆ ಆಗೋ ತನಕ ನಿಮ್ಮದು ಪರಶಣ್ಣ, ಇವಳದ್ದಲ್ಲ.”

“ನನ್ನದಾ!”

“ಸಂತೇಲಿ ಹೊಸ ಕೋಳಿ ತಂದ್ರೆ ಎರಡು ವಾರ ಬೇರೆ ಕಟ್ಟಿಹಾಕಿ. ತಂದ ದಿನವೇ ಗೂಡಿಗೆ ಬಿಟ್ಟು ರೋಗ ತಂದ್ಕೊಂಡವರು ಬೇಕಾದಷ್ಟು ಜನ ಇದ್ದಾರೆ.”

“ಇವಳು ಇನ್ನೂ ಏನೇನು ಹೇಳ್ತಾಳೋ,” ಎಂದು ಪರಶುರಾಮ ಗೊಣಗಿದ. ಆದರೆ ಮಾರನೆಯ ದಿನ, ಚಿಕನ್ ಅಂಗಡಿಯವನು ಬರಬೇಕಾಗಿದ್ದ ಹೊತ್ತಿಗೆ, ಅವನು ಹಳೆಯ ಕಂಬಿಗಳನ್ನು ಹಾಕಿಕೊಂಡು ವೆಲ್ಡಿಂಗ್ ಮಾಡುತ್ತ ಕೂತಿದ್ದ.

ಮರಿಗಳಿಗೆ ಏಳು ದಿನವಾದಾಗ ಮೊದಲ ಲಸಿಕೆ. ಒಂದು ಬಾಟಲಿ ತೆರೆದರೆ ನೂರು ಮರಿಗಳಿಗೆ ಆಗುತ್ತದೆ. ಎಂಟು ಮರಿಗಳಿಗೆ ಹಾಕಿ ಉಳಿದದ್ದನ್ನು ಚೆಲ್ಲುವುದು ದಂಡ. ಎಂಟು ಎಂದದ್ದು ಏಕೆಂದರೆ ಒಂಬತ್ತರಲ್ಲಿ ಒಂದು ಎರಡನೆಯ ದಿನವೇ ಸತ್ತಿತ್ತು. ಹಾಗಾಗಿ ಸುಪ್ರಿಯಾ ಒಂದು ಕಡೆಯಿಂದ, ಕುಲ್ಸುಂ ಇನ್ನೊಂದು ಕಡೆಯಿಂದ ಬೀದಿಯ ಮನೆಗಳಿಗೆಲ್ಲ ಹೇಳಿ ಬಂದರು: ಶುಕ್ರವಾರ ಸಂಜೆ ಐದಕ್ಕೆ ಕೋಳಿಗಳನ್ನು ಹಿಡಿದು ಮುಚ್ಚಿಡಿ.

ಬೀದಿಗೆಲ್ಲ ಆಗುವಷ್ಟು ಲಸಿಕೆ ತರಲು ಪರಶುರಾಮನೇ ಶಿವಮೊಗ್ಗಕ್ಕೆ ಹೊರಟ. ಸುಪ್ರಿಯಾ ಫ್ಲಾಸ್ಕಿಗೆ ಐಸ್ ತುಂಬಿ ಕೊಟ್ಟಳು. ಶಿವಮೊಗ್ಗದಲ್ಲಿ ಅವನು ಎಲ್ಲೂ ನಿಲ್ಲಲಿಲ್ಲ. ದಾರಿಯಲ್ಲಿ ಯಾರೋ ಕೈಮಾಡಿದರಂತೆ. “ಯಾರು ಅಂತ ಕೂಡ ನೋಡ್ಲಿಲ್ಲ, ನಾಳೆ ಬೈಸ್ಕೋಬೇಕು,” ಎಂದ ಬಂದವನೇ.

ಶೀಲಾ ಲಸಿಕೆ ಕಲಸಿದಳು. ಮರಿಗಳಿಗೆ ಕಣ್ಣಿಗೋ ಮೂಗಿಗೋ ಒಂದೊಂದು ಹನಿ. ದೊಡ್ಡ ಕೋಳಿಗಳಿಗೆ ಬೇರೆ ಬಾಟಲಿ, ರೆಕ್ಕೆಯ ಕೆಳಗೆ ಸೂಜಿ. ತೂಕಡಿಸುತ್ತಿದ್ದ ಒಂದು ಕೋಳಿಯನ್ನು ಅವಳು ಬೇಡವೆಂದು ಹಿಂದಕ್ಕೆ ಕಳಿಸಿದಳು. ಹುಷಾರಿಲ್ಲದ ಕೋಳಿಗೆ ಹಾಕಬಾರದು. ಪರಶುರಾಮ ಐಸ್ ಡಬ್ಬಿ ಹಿಡಿದು, ಕೈಗಡಿಯಾರ ನೋಡುತ್ತ, ಮನೆಯಿಂದ ಮನೆಗೆ ಅವಳ ಹಿಂದೆ ನಡೆದ.

“ಇನ್ನು ನಲವತ್ತು ನಿಮಿಷ! ಪುಷ್ಪಮ್ಮ, ಕೋಳಿ ಎಲ್ಲಿ?”

“ಅಟ್ಟ ಹತ್ತಿದೆ ಕಣಪ್ಪ.”

“ಐದಕ್ಕೆ ಮುಚ್ಚಿಡಿ ಅಂದ್ರೆ ಅಟ್ಟ ಹತ್ತಿಸ್ತೀರಲ್ಲ! ಇಳಿಸಿ, ಇಳಿಸಿ, ಸೌಟು ತುಂಬಿದೆ ಇಲ್ಲಿ!”

“ಇವನೇನು ಕಬ್ಬಿಣ ಹೊಯ್ಯೋಕೆ ಬಂದವನ ಹಾಗೆ ಕೂಗ್ತಾನಲ್ಲ,” ಎಂದರು ಪುಷ್ಪಮ್ಮ. ಬೀದಿಯೆಲ್ಲ ನಕ್ಕಿತು. ಸುಪ್ರಿಯಾ ಕೂಡ ನಕ್ಕಳು. ನಕ್ಕಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಒಂದು ತಿಂಗಳ ನಂತರ, ಮಳೆ ಶುರುವಾಗುವ ಹೊತ್ತಿಗೆ, ಎರಡು ಬೀದಿ ಆಚೆ ಕೋಳಿಗಳು ಸಾಯತೊಡಗಿದವು. ಸುದ್ದಿ ಬಂದ ದಿನ ಪರಶುರಾಮನಿಗೆ ಊಟ ಸೇರಲಿಲ್ಲ. ಬೀದಿಯವರೆಲ್ಲ ಕೋಳಿಗಳನ್ನು ಹೊರಗೆ ಬಿಡದೆ ಕೂಡಿಹಾಕಿದರು. ಶೀಲಾ ಪಶು ಆಸ್ಪತ್ರೆಗೆ ತಿಳಿಸಿದಳು. ಸತ್ತ ಕೋಳಿಗಳನ್ನು ಚರಂಡಿಗೆ ಎಸೆಯದಂತೆ, ಆಳವಾಗಿ ಹೂತು ಸುಣ್ಣ ಹಾಕುವಂತೆ, ಬರಿಗೈಯಲ್ಲಿ ಮುಟ್ಟದಂತೆ, ಕಾಯಿಲೆ ಕೋಳಿಯನ್ನು ಕೊಯ್ದು ತಿನ್ನದಂತೆ ಮನೆಮನೆಗೆ ಹೇಳಿ ಬಂದಳು. ಪರಶುರಾಮ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಗೂಡಿನ ಕೆಳಗೆ ಹಿಕ್ಕೆಯ ಬಣ್ಣ ನೋಡುತ್ತಿದ್ದ. ಹತ್ತು ದಿನ ನೋಡಿದ. ಹನ್ನೊಂದನೆಯ ದಿನ ಬಾಗಿಲು ತೆಗೆದು ಎಲ್ಲವನ್ನೂ ಹೊರಗೆ ಬಿಟ್ಟ. ಹುಂಜ ಒಂದು, ಹೇಂಟೆ ಒಂಬತ್ತು, ನೀಲಿ ದಾರದ್ದು, ಮರಿ ಏಳು. ಒಂದು ಮರಿಯನ್ನು ಹದ್ದು ಒಯ್ದಿತ್ತು; ಹದ್ದಿಗೆ ಲಸಿಕೆ ಇಲ್ಲ.

“ನಿನ್ನ ಮೊಟ್ಟೆ,” ಎಂದು ಅವತ್ತು ಬೆಳಿಗ್ಗೆ ಹೆಂಡತಿಯ ತಟ್ಟೆಯ ಪಕ್ಕ ಬಿಸಿ ಮೊಟ್ಟೆಯನ್ನು ಇಟ್ಟ. ಸಿಪ್ಪೆ ಅರ್ಧ ಅಂಟಿಕೊಂಡಿತ್ತು. ಅವಳು ತಿಂದಳು.

ಎರಡು ತಿಂಗಳಾದಾಗ ತಾಯಿಕೋಳಿ ಮರಿಗಳನ್ನು ಕುಕ್ಕಿ ದೂರ ಅಟ್ಟತೊಡಗಿತು. ಶೀಲಾ ಬಂದು ಮರಿಗಳಿಗೆ ರೆಕ್ಕೆಯ ಕೆಳಗಿನ ಲಸಿಕೆಯನ್ನೂ ಹಾಕಿ ಹೋದಳು. ಅದರ ಮರುವಾರ ಸುಪ್ರಿಯಾ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಮರಿಗಳ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಕುಲ್ಸುಂ ಮನೆಗೆ ಹೋದಳು.

“ನಾಲ್ಕು ಯಾಕೆ?” ಕುಲ್ಸುಂ ಬುಟ್ಟಿಯೊಳಗೆ ನೋಡಿ ಕೇಳಿದರು. “ಏಳರಲ್ಲಿ ಮೂರು ಸಾಕು ನನಗೆ. ಬಸುರಿ ಮನೇಲಿ ನಾಲ್ಕಿರಲಿ.”

“ಕೋಳಿ ನಿಮ್ಮದು ಆಂಟಿ. ಹನ್ನೊಂದು ದಿನ ನೀರಿಟ್ಟವರೂ ನೀವೇ.”

“ಮೊಟ್ಟೆ ಲಿಂಗಮ್ಮಂದು.”

“ನಮಗೆ ಮೂರು ಸಾಕು, ತಗೊಳ್ಳಿ,” ಎಂದ ಪರಶುರಾಮ. “ಮುಂದಿನ ಲಸಿಕೆ ಆರು ತಿಂಗಳಿಗೆ. ನಾನೇ ತರ್ತೀನಿ. ಪುಷ್ಪಮ್ಮನ ಹಾಗೆ ಕೋಳಿ ಅಟ್ಟ ಹತ್ತಿಸಬೇಡಿ ಮತ್ತೆ.”

ಸುಪ್ರಿಯಾ ಕೋಳಿಯನ್ನು ಕುಲ್ಸುಂ ಅವರ ಕೈಗೆ ಕೊಟ್ಟಳು. “ಅತ್ತೆ ತಗೊಂಡಿದ್ದು. ತಂದುಕೊಟ್ಟಿದ್ದೀನಿ,” ಎಂದಳು. ಕುಲ್ಸುಂ ತಲೆಯಾಡಿಸಿ, ಕೋಳಿಯ ಬೆನ್ನನ್ನು ಒಮ್ಮೆ ಸವರಿ, ಅಂಗಳಕ್ಕೆ ಬಿಟ್ಟರು. ಅದು ಹಿಂದಿರುಗಿ ನೋಡದೆ ತನ್ನ ಗೂಡಿನ ಕಡೆ ನಡೆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಿಲಲ್ಲೂ ನಾಲ್ಕು ಕೋಳಿಗಳಿರಬಹುದು. ಇಲ್ಲದಿದ್ದರೆ ಸಾಕಬಹುದು. ಬೇಡ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಅವರೊಡನೆ ಜಗಳವಾಡಬೇಡಿ. ಯಾಕೆ ಬೇಡ ಎಂದು ಕೇಳಿ. ಹಿಂದೆ ಕೋಳಿಗಳು ಸತ್ತಿದ್ದರೆ ಲಸಿಕೆ ಹೇಗೆ ಬಂತು, ಎಷ್ಟು ಹೊತ್ತಿಗೆ ಹಾಕಿದಿರಿ ಎಂದು ಪಶುಸಖಿಯ ಮುಂದೆ ಕೂತು ಲೆಕ್ಕ ಹಾಕಿ. ಐಸ್ ಇಲ್ಲದೆ ಲಸಿಕೆ ತರಬೇಡಿ, ದಾರಿಯಲ್ಲಿ ನಿಲ್ಲಬೇಡಿ, ಕಲಸಿದ್ದನ್ನು ಎರಡು ಗಂಟೆಯೊಳಗೆ ಹಾಕಿ ಮುಗಿಸಿ. ಬೀದಿಯವರೆಲ್ಲ ಒಂದೇ ದಿನ ಹಾಕಿಸಿ. ನಿಮ್ಮ ಬೀದಿಯಲ್ಲಿ ಎಷ್ಟು ಕೋಳಿಗಳಿವೆ ಎಂದು ಇವತ್ತೇ ಎಣಿಸಿ, ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ದಿನ ಗೊತ್ತುಮಾಡಿ. ಫ್ಲಾಸ್ಕ್ ತೊಳೆದು ಒಣಗಿಸಿಡಿ.